ಸೂಕ್ಷ್ಮದರ್ಶಕಕ್ಕೆ ಇಟ್ಟ ಬೊಟ್ಟು

ಗಂಧದ ವಾಸನೆ ಬಂದರೆ ಉಳಿದವರಿಗೆ ದೇವರು ನೆನಪಾಗುತ್ತಾನೆ, ನನಗೆ ನೀರುಳ್ಳಿ ನೆನಪಾಗುತ್ತದೆ. ಭಕ್ತಿ ಕಡಿಮೆ ಎಂದು ತಿಳಿಯಬೇಡಿ, ಇದು ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿತದ್ದರ ಫಲ. ಮೊನ್ನೆ ಮಣಿಪಾಲದಲ್ಲಿ ಮಗಳ ಶಾಲೆಯ ಹೊಸ ಪ್ರಯೋಗಾಲಯದೊಳಗೆ, ಸೂಕ್ಷ್ಮದರ್ಶಕದ ಮುಂದೆ ಪೋಷಕರ ಸಾಲಿನಲ್ಲಿ ನಿಂತಿದ್ದಾಗ ಮತ್ತೆ ಅದೇ ವಾಸನೆ ಬಂತು.

ಅಂದು ಶಾಲೆಯಲ್ಲಿ ಆಯುಧ ಪೂಜೆ. ಪ್ರಯೋಗಾಲಯದ ಉದ್ಘಾಟನೆಯನ್ನೂ ಅದೇ ದಿನ ಇಟ್ಟುಕೊಂಡಿದ್ದರು. ಕೆಳಗೆ ಶಾಲೆಯ ವ್ಯಾನುಗಳಿಗೆ ಮಂಗಳಾರತಿ ಮಾಡಿದ ಭಟ್ಟರು ಹಾಗೆಯೇ ಮೆಟ್ಟಿಲು ಹತ್ತಿ ಬಂದು ವಿಜ್ಞಾನಕ್ಕೂ ಮಾಡಿ ಹೋದರು. ಅದಕ್ಕೂ ಮೊದಲು ಸಭಾಂಗಣದಲ್ಲಿ ಒಂದು ಸಂವಾದ ಇತ್ತು. ಗಣಿತ, ವಿಜ್ಞಾನಗಳನ್ನು ಶಾಲೆಯಲ್ಲಿ ಹೇಗೆ ಕಲಿಸಬೇಕು ಎಂಬುದು ವಿಷಯ. 'ಮಕ್ಕಳು ಕೇಳಿ ಅಲ್ಲ, ಮಾಡಿ ಕಲಿಯಬೇಕು' ಎಂದು ಪ್ರಾಂಶುಪಾಲರು ಪರದೆಯ ಮೇಲೆ ತೋರಿಸಿ, ನಮಗೆ ಓದಲು ಬರುತ್ತದೋ ಇಲ್ಲವೋ ಎಂದು ತಾವೇ ಗಟ್ಟಿಯಾಗಿ ಓದಿದರು. ಮಕ್ಕಳು ಹಿಂದಿನ ಸಾಲುಗಳಲ್ಲಿ ಕೈಕಟ್ಟಿ ಕುಳಿತು ಅದನ್ನು ಕೇಳಿದರು. ಒಬ್ಬ ತಂದೆ ಆರನೆಯ ತರಗತಿಯಿಂದಲೇ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ತಯಾರಿ ಶುರುವಾಗಬೇಕೆಂದರು. ದುಬೈಯಿಂದ ರಜೆಗೆ ಬಂದ ಇನ್ನೊಬ್ಬರು ಅಲ್ಲಿನ ಶಾಲೆಗಳಲ್ಲಿ ಎಷ್ಟು ಚೆನ್ನಾಗಿ ಕಲಿಸುತ್ತಾರೆಂದು ವಿವರಿಸಿದರು. ಹಾಗಿದ್ದರೆ ಅವರ ಮಕ್ಕಳು ಇಲ್ಲೇಕೆ ಓದುತ್ತಿದ್ದಾರೆಂದು ಯಾರೂ ಕೇಳಲಿಲ್ಲ. ಮಾಡಿ ಕಲಿಯುವುದು ಬಹಳ ಒಳ್ಳೆಯದು, ಆದರೆ ಅದರಿಂದ ಓದಿಗೆ ಅಡ್ಡಿಯಾಗಬಾರದು ಎಂಬಲ್ಲಿಗೆ ಎಲ್ಲರಿಗೂ ಒಪ್ಪಿಗೆಯಾಗಿ, ಬನ್ಸ್ ಮತ್ತು ಚಹಾ ಬಂತು.

ನಾನು ಬಾಯಿ ಬಿಡಲಿಲ್ಲ. "ಅಮ್ಮ, ನೀನು ಅಲ್ಲಿ ಎಂತದೂ ಮಾತಾಡ್ಬೇಡ" ಎಂದು ಮಗಳು ಶಮಾ ಮನೆಯಲ್ಲೇ ತಾಕೀತು ಮಾಡಿದ್ದಳು. ಅದಕ್ಕೆ ಕಾರಣವೂ ಇತ್ತು. ಹಿಂದಿನ ವಾರ ಹಳೆಯ ಲ್ಯಾಬಿನಲ್ಲಿ ನೀರುಳ್ಳಿಯ ತೆಳು ಸಿಪ್ಪೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ನೋಡಿದ್ದರ ಚಿತ್ರ ಬರೆಯಿರಿ ಎಂದಿದ್ದರು. ಇವಳು ಜೀವಕೋಶಗಳ ಪಕ್ಕದಲ್ಲಿ, ಗಾಜಿನಡಿ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆಯೊಂದನ್ನೂ ಬರೆದಿದ್ದಳು. ಟೀಚರ್ ಆ ಗುಳ್ಳೆಗೆ ಕೆಂಪು ಸುತ್ತು ಹಾಕಿ ಅಂಕ ಕಳೆದಿದ್ದರು.

"ಅದು ಅಲ್ಲಿ ಇತ್ತು ಅಮ್ಮ" ಎಂದಳು.

"ಇರಲಿ ಮಾರಾಯ್ತಿ, ಪುಸ್ತಕದಲ್ಲಿ ಇದ್ದ ಹಾಗೆ ಬರೆದು ಕೊಡು. ಅವರೊಟ್ಟಿಗೆ ಜಗಳ ಯಾಕೆ?" ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಗುಳ್ಳೆಯನ್ನು ಉಜ್ಜಿ ಅಳಿಸಿದಳು. ಅಂದಿನಿಂದ ಶಾಲೆಯ ಯಾವ ವಿಷಯವನ್ನೂ ನನ್ನಲ್ಲಿ ಹೇಳುತ್ತಿರಲಿಲ್ಲ. ಏನು ಕೇಳಿದರೂ "ಎಂತ ಇಲ್ಲ" ಎನ್ನುತ್ತಿದ್ದಳು. ಮಕ್ಕಳು ಮೌನವಾಗಿದ್ದರೆ ಮನೆ ಎಷ್ಟು ಶಾಂತವಾಗಿರುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ, ನನಗೆ ಆ ವಾರ ಊಟ ಸೇರಲಿಲ್ಲ.

ಸಾಲು ಉದ್ದ ಇದೆ. ಅದು ಸರಿಯುವುದರೊಳಗೆ ನಿಮ್ಮನ್ನು ಕಾಪುವಿನ ಕಡೆಯ ನಮ್ಮ ಹೈಸ್ಕೂಲಿಗೆ ಕರೆದುಕೊಂಡು ಹೋಗಿ ಬರುತ್ತೇನೆ.

ಅಲ್ಲಿ ಗಣಿತಕ್ಕೆ ಶ್ರೀಪತಿ ಮಾಸ್ಟ್ರು. ಅವರ ತರಗತಿ ದೂರಕ್ಕೆ ಭಜನೆಯಂತೆ ಕೇಳುತ್ತಿತ್ತು. 'ಎ ಪ್ಲಸ್ ಬಿ ಹೋಲ್ ಸ್ಕ್ವೇರ್' ಎಂದು ಅವರು ಎತ್ತಿಕೊಟ್ಟರೆ ನಾವು ಒಕ್ಕೊರಲಿನಿಂದ ಉಳಿದದ್ದನ್ನು ಹೇಳಬೇಕು. ಎ ಎಂದರೆ ಯಾರು, ಬಿ ಎಂದರೆ ಯಾರು, ಅವರಿಬ್ಬರನ್ನು ಯಾಕೆ ಕೂಡಿಸುತ್ತಿದ್ದೇವೆ ಎಂದು ಕೇಳುವ ಅಧಿಕಪ್ರಸಂಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನನಗೆ ಆ ಸೂತ್ರ ಈಗಲೂ ನಿದ್ದೆಗಣ್ಣಿನಲ್ಲಿ ಬರುತ್ತದೆ. ಜೀವನದಲ್ಲಿ ಒಮ್ಮೆಯಾದರೂ ಬಳಸಬೇಕೆಂದು ಕಾಯುತ್ತಿದ್ದೇನೆ.

ವಿಜ್ಞಾನಕ್ಕೆ ನಾನು ಒಂಬತ್ತನೆಯಲ್ಲಿದ್ದಾಗ ಪ್ರೇಮಾ ಟೀಚರ್ ಬಂದರು. ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅವರದು ಖಾಯಂ ಕೆಲಸವಲ್ಲ. ಶಾಲಾ ಸಮಿತಿಗೆ ಸರಿಕಂಡರೆ ಮುಂದಿನ ಜೂನಿಗೆ ಮತ್ತೆ ಕರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಇಂಥ ಕೆಲಸದಲ್ಲಿರುವವರು ಬಾಯಿ ಮುಚ್ಚಿಕೊಂಡಿರಬೇಕೆಂದು ಯಾರೂ ಅವರಿಗೆ ಕಲಿಸಿರಲಿಲ್ಲ. ಶಿಕ್ಷಕರ ಕೋಣೆಗೂ ನಮ್ಮ ತರಗತಿಗೂ ನಡುವೆ ಇದ್ದದ್ದು ಅರ್ಧ ಗೋಡೆ. ಹಾಗಾಗಿ ಮಧ್ಯಾಹ್ನದ ಬುತ್ತಿಯ ಜೊತೆಗೆ ಅವರ ಮತ್ತು ಶ್ರೀಪತಿ ಮಾಸ್ಟ್ರ ಚರ್ಚೆಯೂ ನಮಗೆ ಸಿಗುತ್ತಿತ್ತು.

"ತೆಂಗಿನ ಮರದ ನೆರಳು ಅಳೆದು ಎತ್ತರ ಕಂಡುಹಿಡಿಯುವ ಲೆಕ್ಕ ಉಂಟಲ್ಲ ಮಾಸ್ಟ್ರೇ, ಮಕ್ಕಳನ್ನು ಅಂಗಳಕ್ಕೆ ಕರ್ಕೊಂಡು ಹೋಗಿ ಅಳೆಸಬಹುದಲ್ವಾ?"

"ಮರ ಹತ್ತುವವನಿಗೇ ಅದರ ಎತ್ತರ ಬೇಡ ಟೀಚರ್, ಇವರಿಗೆ ಎಂತಕ್ಕೆ? ಸೂತ್ರ ಬಾಯಿಗೆ ಬಂದರೆ ತಲೆಗೆ ಬಂದ ಹಾಗೇ. ಎರಡಕ್ಕೂ ಒಂದು ಗೇಣು ದೂರವೂ ಇಲ್ಲ."

ನಮ್ಮ ಶಾಲೆಯಲ್ಲಿ ವಿಜ್ಞಾನವೆಂದರೆ ಹೆಡ್ ಮಾಸ್ಟ್ರ ಕೋಣೆಯ ಗಾಜಿನ ಕಪಾಟು. ಅದರೊಳಗೆ ಒಂದು ಸೂಕ್ಷ್ಮದರ್ಶಕ, ಕೆಲವು ಗಾಜಿನ ನಳಿಗೆಗಳು, ಬಾಟಲಿಯೊಳಗೆ ಯಾವ ಕಾಲದಿಂದಲೋ ಮಲಗಿದ್ದ ಒಂದು ಹಾವು. ಬೀಗದ ಕೈ ಹೆಡ್ ಮಾಸ್ಟ್ರಲ್ಲಿ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಕಪಾಟು ತೆರೆದು, ಎಲ್ಲವನ್ನೂ ಒರೆಸಿ, ಒಂದೊಂದಕ್ಕೂ ಗಂಧ ಹಚ್ಚಿ, ಮೇಲೆ ಕುಂಕುಮದ ಬೊಟ್ಟಿಟ್ಟು, ಕೈಮುಗಿದು ಮತ್ತೆ ಬೀಗ ಹಾಕುತ್ತಿದ್ದರು. ನಮಗೆ ವಿಜ್ಞಾನದ ಮೇಲೆ ಗೌರವ ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಆ ವರ್ಷದ ನವರಾತ್ರಿ ಕಳೆದ ಮೇಲೆ ಪ್ರೇಮಾ ಟೀಚರ್ ಹಠ ಹಿಡಿದು ಸೂಕ್ಷ್ಮದರ್ಶಕವನ್ನು ಹೊರಗೆ ತರಿಸಿದರು. ಹೆಡ್ ಮಾಸ್ಟ್ರು ಅದನ್ನು ಮುಟ್ಟಲು ಯಾರಿಗೂ ಬಿಡಲಿಲ್ಲ. ತಾವೇ ಹೊತ್ತು ತಂದು, ತಾವೇ ನೀರುಳ್ಳಿ ಸಿಪ್ಪೆ ಇಟ್ಟು, ತಾವೇ ಬಗ್ಗಿ ನೋಡಿ, "ಹಾಂ, ಕಾಣ್ತದೆ" ಎಂದರು. ಗಲಾಟೆಯಾಗದಂತೆ ಸಾಲು ನೋಡಿಕೊಳ್ಳುವ ಕೆಲಸ ಮಾತ್ರ ಟೀಚರಿಗೆ. ನಾವು ಒಬ್ಬೊಬ್ಬರೇ ಬಗ್ಗಿದೆವು. ನನಗೆ ಕಂಡದ್ದು ಕೆಂಪಗೆ ಮಸುಕು ಮಸುಕಾದ ಏನೋ ಒಂದು. ಹಿಂದಿನವಳು ಸೊಂಟಕ್ಕೆ ತಿವಿದದ್ದರಿಂದ ಅದನ್ನೂ ಪೂರ್ತಿ ನೋಡಲಾಗಲಿಲ್ಲ. ಗಂಧದ ವಾಸನೆ ಮಾತ್ರ ಚೆನ್ನಾಗಿ ಬರುತ್ತಿತ್ತು.

ಮರುದಿನ ನಾವೆಲ್ಲ ಚಿತ್ರ ಕೊಟ್ಟೆವು. ಎಂಥ ಚಿತ್ರಗಳು ಅಂತೀರಿ! ಕೋಶಭಿತ್ತಿ, ಕೋಶಕೇಂದ್ರ, ಕೋಶರಸ, ಒಂದೊಂದಕ್ಕೂ ಸ್ಕೇಲಿನಿಂದ ಎಳೆದ ಗೆರೆ, ದುಂಡಗಿನ ಅಕ್ಷರ. ಪ್ರೇಮಾ ಟೀಚರ್ ಇಡೀ ತರಗತಿಗೆ ಸೊನ್ನೆ ಕೊಟ್ಟರು. ಬೆಲ್ಲು ಹೊಡೆದ ಮೇಲೆ ಕೊನೆಗೆ ಅವರೂ ಬಗ್ಗಿ ನೋಡಿದ್ದರೆಂದು ನಮಗೆ ಗೊತ್ತಿರಲಿಲ್ಲ.

ಸೊನ್ನೆ ಎಂದರೆ ಊರು ಸುಮ್ಮನಿರುತ್ತದೆಯೇ? ಉಚ್ಚಿಲದಲ್ಲಿ ಮೀನಿನ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಾಕ್ಷಿಗೆ ನನ್ನನ್ನೂ ನನ್ನ ಚಿತ್ರವನ್ನೂ ಹಿಡಿದುಕೊಂಡು ಶಾಲೆಗೆ ಬಂದರು. ಮನೆಯಲ್ಲಿ ತುಳು ಬಿಟ್ಟರೆ ಬೇರೆ ಆಡದ ಅಪ್ಪನ ಬಾಯಿಂದ ಅಂದು ಪಾಠಪುಸ್ತಕದ ಕನ್ನಡ ಬಂತು. "ಪುಸ್ತಕದಲ್ಲಿ ಇರುವ ಹಾಗೆಯೇ ಬರೆದಿದ್ದಾಳೆ. ತಪ್ಪು ಏನಿದೆ, ನೀವೇ ಹೇಳಿ."

"ಉತ್ತರ ಸರಿ ಇದ್ದ ಮೇಲೆ ಅದು ಎಲ್ಲಿಂದ ಬಂತು ಅಂತ ನಾನಂತೂ ಕೇಳುವುದಿಲ್ಲ" ಎಂದರು ಅಲ್ಲೇ ಕುಳಿತಿದ್ದ ಶ್ರೀಪತಿ ಮಾಸ್ಟ್ರು.

ಪ್ರೇಮಾ ಟೀಚರ್ ಸೂಕ್ಷ್ಮದರ್ಶಕವನ್ನು ಮೇಜಿನ ಮೇಲೆ ಇಡಿಸಿ, "ನೀವೇ ಒಮ್ಮೆ ನೋಡಿ ಹೇಳಿ, ಎಂತ ಕಾಣ್ತದೆ?" ಎಂದರು. ಅಪ್ಪ ಚಪ್ಪಲಿ ಕಳಚಿಟ್ಟು ಬಗ್ಗಿದರು. "ಹೌದು, ಜೀವಕೋಶ ಉಂಟು" ಎಂದರು. ಹೆಡ್ ಮಾಸ್ಟ್ರು ನೋಡಿ, "ಸ್ಪಷ್ಟ ಉಂಟು" ಎಂದರು. ಶ್ರೀಪತಿ ಮಾಸ್ಟ್ರು ಕನ್ನಡಕ ತೆಗೆದು ನೋಡಿ, "ಪುಸ್ತಕದಲ್ಲಿ ಇದ್ದ ಹಾಗೇ" ಎಂದರು.

"ನಾನು ಇನ್ನೂ ನೀರುಳ್ಳಿ ಇಡಲಿಲ್ಲ ಸರ್" ಎಂದರು ಪ್ರೇಮಾ ಟೀಚರ್. ಮತ್ತೆ, ಕಣ್ಣಿಡುವ ಗಾಜನ್ನು ಕರವಸ್ತ್ರದಿಂದ ಒರೆಸಿ ನಮಗೆ ತೋರಿಸಿದರು. ಬಿಳಿ ಬಟ್ಟೆಯ ಮೇಲೆ ಗಂಧ, ಗಂಧದ ಮೇಲೆ ಕುಂಕುಮ.

ಈಗ ಎಲ್ಲರೂ ನಾಚಿಕೊಳ್ಳುತ್ತಾರೆ ಎಂದು ನೀವು ಕಾಯುತ್ತಿರಬಹುದು. ನಾನೂ ಕಾದಿದ್ದೆ. ಹೆಡ್ ಮಾಸ್ಟ್ರು ಎದ್ದು ನಿಂತು, "ಪೂಜೆಯ ಕುಂಕುಮವನ್ನು ಒರೆಸಿದಿರಾ?" ಎಂದು ಕೇಳಿದರು. ಅಲ್ಲಿಗೆ ಚರ್ಚೆಯ ವಿಷಯ ಬದಲಾಯಿತು. ಮಕ್ಕಳಿಗೆ ಕಲಿಸಲು ಬಂದವರು ದೊಡ್ಡವರನ್ನು ಪರೀಕ್ಷೆ ಮಾಡುವುದು ಸರಿಯೇ, ಹಿಂದಿನಿಂದ ಬಂದ ಕ್ರಮಕ್ಕೆ ಬೆಲೆ ಇಲ್ಲವೇ ಎಂದೆಲ್ಲ ಮಾತು ಹೋಯಿತು. ನಮ್ಮೆಲ್ಲರ ಸೊನ್ನೆಯ ಎಡಕ್ಕೆ ಒಂದು ಬಂದು ಕೂತು ಹತ್ತಾಯಿತು. ಮುಂದಿನ ಜೂನಿಗೆ ಪ್ರೇಮಾ ಟೀಚರನ್ನು ಕರೆಯಲಿಲ್ಲ.

ಅಂದು ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಮತ್ತೆ ತುಳುವಿಗೆ ಇಳಿದು ಮೆಲ್ಲನೆ ಕೇಳಿದರು, "ನಿಜ ಹೇಳು, ಆ ದಿನ ಕ್ಲಾಸಿನಲ್ಲಿ ನಿನಗೆ ಎಂತ ಕಂಡದ್ದು?"

"ಎಂತದೂ ಇಲ್ಲ."

"ನನಗೂ" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಆದರೆ ಅಷ್ಟು ಜನರ ಎದುರು ಹೇಳ್ಲಿಕ್ಕೆ ಆಗ್ತದಾ?" ಎಂದರು.

ಒಂದು ಮಾತು ಹೇಳದೆ ಬಿಟ್ಟಿದ್ದೆ. ಶಾಲೆಯಿಂದ ಹೊರಡುವ ಮೊದಲು, ಅಪ್ಪ ಹೆಡ್ ಮಾಸ್ಟ್ರ ಹತ್ತಿರ ಮಾತಾಡುತ್ತಿದ್ದಾಗ ಪ್ರೇಮಾ ಟೀಚರ್ ಒರೆಸಿದ ಸೂಕ್ಷ್ಮದರ್ಶಕಕ್ಕೆ ಸಿಪ್ಪೆ ಇಟ್ಟು, ನನ್ನನ್ನು ಕರೆದು ತೋರಿಸಿದ್ದರು. ಕೆಂಪುಕಲ್ಲಿನಲ್ಲಿ ಕಟ್ಟಿದ ಆವರಣಗೋಡೆಯ ಹಾಗೆ ಸಾಲು ಸಾಲು ಕೋಶಗಳು. ಯಾವುದಕ್ಕೂ ಹೆಸರು ಬರೆದಿರಲಿಲ್ಲ, ಯಾವ ಗೆರೆಯೂ ನೆಟ್ಟಗಿರಲಿಲ್ಲ. ನನಗೆ ಅಳು ಬರುವಷ್ಟು ಸಂತೋಷವಾಗಿತ್ತು. ಆ ಶಾಲೆಯಲ್ಲಿ ನಾನು ಕಲಿತ ವಿಜ್ಞಾನ ಅಷ್ಟೇ. ಅದನ್ನು ಕಲಿಸಿದವರನ್ನು ಕಳಿಸಿದ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಅಷ್ಟರಲ್ಲಿ ನನ್ನ ಸರದಿ ಬಂತು. ನನ್ನ ಮುಂದಿದ್ದ ದುಬೈಯವರು ಬಗ್ಗಿ ನೋಡಿ, "ಸೂಪರ್ ಕ್ಲಿಯರ್" ಎಂದು ಸರಿದರು. ಸೂಕ್ಷ್ಮದರ್ಶಕದ ಪಕ್ಕದಲ್ಲಿ ಸ್ವಯಂಸೇವಕರ ಬ್ಯಾಡ್ಜು ಹಾಕಿಕೊಂಡು ಶಮಾ ನಿಂತಿದ್ದಳು, ನನ್ನ ಗುರುತೇ ಇಲ್ಲದವಳಂತೆ ನೆಲ ನೋಡುತ್ತ. ನಾನು ಬಗ್ಗಿದೆ. ಕೆಂಪಗೆ, ಮಸುಕು ಮಸುಕಾಗಿ, ಹಳೆಯ ಪರಿಚಯದ ಅದೇ ಏನೋ ಒಂದು. ಇಷ್ಟು ವರ್ಷಗಳಲ್ಲಿ ಸೂಕ್ಷ್ಮದರ್ಶಕ ಬಹಳ ಸುಧಾರಿಸಿದೆ, ಬೊಟ್ಟಿಡುವ ಜಾಗ ಮಾತ್ರ ಬದಲಾಗಿಲ್ಲ.

"ಹೇಗುಂಟು ಮೇಡಂ?" ಎಂದು ಶಾಲೆಯ ಸಂಚಾಲಕರು ನಗುತ್ತ ಕೇಳಿದರು.

'ಚೆನ್ನಾಗಿದೆ' ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ನಾನು ನಮ್ಮಪ್ಪನ ಮಗಳಲ್ಲವೇ. ಆಗ ಶಮಾ ತಲೆ ಎತ್ತಿದಳು. ಹಿಂದಿನ ವಾರ ಗುಳ್ಳೆ ಅಳಿಸುವ ಮುಂಚೆ ನನ್ನ ಮುಖ ನೋಡಿದ್ದಳಲ್ಲ, ಅದೇ ನೋಟ.

"ಎಂತದೂ ಕಾಣುವುದಿಲ್ಲ ಸರ್" ಎಂದೆ. "ಬರೀ ಕುಂಕುಮ ಉಂಟು."

"ಅದು ಪೂಜೆಯದ್ದಲ್ವಾ ಮೇಡಂ" ಎಂದು ಹಿಂದಿನಿಂದ ಯಾರೋ ಮೆಲ್ಲನೆ ಹೇಳಿದರು. "ಹೌದು" ಎಂದು ನಾನು ಆ ಕುಂಕುಮವನ್ನು ಬೆರಳಿನಿಂದ ತೆಗೆದು ನನ್ನ ಹಣೆಗೆ ಇಟ್ಟುಕೊಂಡೆ, ಉಳಿದ ಗಂಧವನ್ನು ಸೆರಗಿನಿಂದ ಒರೆಸಿದೆ. ಪ್ರೇಮಾ ಟೀಚರಿಗೆ ಹೊಳೆಯದ ಈ ಒಂದು ಉಪಾಯ ನನಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಆಮೇಲೆ ಪಕ್ಕಕ್ಕೆ ಸರಿದು, "ಶಮಾ, ನೀನು ನೋಡಿ ಹೇಳು" ಎಂದೆ.

ಅವಳು ಬಗ್ಗಿ, ಪಕ್ಕದ ತಿರುಗಣೆಯನ್ನು ಆಚೆ ಈಚೆ ತಿರುಗಿಸಿ, ಎಷ್ಟೋ ಹೊತ್ತು ನೋಡಿದಳು. ಹಿಂದಿದ್ದವರು ಕೆಮ್ಮಿದರೂ ಏಳಲಿಲ್ಲ.

"ಕೋಶ ಉಂಟು ಅಮ್ಮ" ಎಂದಳು. ಮತ್ತೆ, ಅಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ಒಂದು ಗುಳ್ಳೆಯೂ ಉಂಟು."