ಅವ್ವನ ಡಬ್ಬಿಗೆ ಎರಡು ಪಟ್ಟು

ಈಗ ಅಂಗಡಿಯಲ್ಲಿ ಕ್ರೀಮಿನ ಡಬ್ಬಿ ಕೈಗೆ ಬಂದರೆ ನಾನು ಮೊದಲು ಅದನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದುತ್ತೇನೆ. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಹಿಂದೆ ನಿಂತವರು ಗೊಣಗಿದರೂ ಬಿಡದೆ ಓದುತ್ತೇನೆ. ಸೊಸೆಗೆ ನಾಚಿಕೆಯಾಗುತ್ತದೆ. "ಅತ್ತಿ, ಅದರಾಗ ಏನ ವಿಷಾ ಹಾಕಿರ್ತಾರೇನ್ರಿ?" ಎನ್ನುತ್ತಾಳೆ. ವಿಷವೇನೂ ಇರುವುದಿಲ್ಲ, ಅಷ್ಟು ನನಗೂ ಗೊತ್ತು. ನಾನು ಹುಡುಕುವುದು ಒಂದೇ ಒಂದು ಹೆಸರನ್ನು. ಅದು ಕಂಡರೆ ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತೇನೆ. ಯಾಕೆಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಾವು ಖಾನಾಪುರದವರು. ಅಪ್ಪ ಬೇಗ ತೀರಿಕೊಂಡಿದ್ದ. ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು, ಇಬ್ಬರೇ. ಅವ್ವ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದಳು. ಅಚ್ಚಿನಿಂದ ಹೊರಬಂದ ಹಸಿ ಹಂಚಿನ ಅಂಚು ಸವರಿ ಒಣಗಲು ಸಾಲಾಗಿ ಜೋಡಿಸುವುದು ಅವಳ ಕೆಲಸ. ಖಾನಾಪುರದ ಮಣ್ಣು ಹಂಚಿಗೆ ಬಲು ಚಲೋ ಎಂದು ಎಲ್ಲರೂ ಹೊಗಳುತ್ತಿದ್ದರು. ಕೈಗೆ ಹೇಗೆ ಎಂದು ಯಾರೂ ಕೇಳಿದವರಲ್ಲ. ದಿನವಿಡೀ ಆ ಮಣ್ಣಿನಲ್ಲಿ ಆಡಿದ ಕೈಯಲ್ಲಿ ಜಿಡ್ಡೆಂಬುದೇ ಉಳಿಯುತ್ತಿರಲಿಲ್ಲ. ಚಳಿಗಾಲ ಬಂತೆಂದರೆ ಅವ್ವನ ಅಂಗೈ ಬಿರಿದು ರಕ್ತ ಜಿನುಗುತ್ತಿತ್ತು. ಸೀರೆ ಉಡುವಾಗ ನೂಲು ಚರ್ಮಕ್ಕೆ ಸಿಕ್ಕಿ ಚರ್ ಎನ್ನುವುದು ನನಗೆ ಕೇಳಿಸುತ್ತಿತ್ತು.

ಆ ಅಂಗೈ ಬರೀ ದುಡಿಯುವ ಅಂಗೈಯಾಗಿದ್ದರೆ ಈ ಕತೆ ಹೇಳುವ ಅಗತ್ಯವಿರಲಿಲ್ಲ. ಅವ್ವ ಲಿಂಗ ಕಟ್ಟಿಕೊಂಡವಳು. ದಿನಾ ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಬಿಳಿ ವಸ್ತ್ರದ ಗಂಟು ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ನೀರೆರೆದು, ಒಂದು ಪತ್ರಿ ಏರಿಸಿ, ನೋಡುತ್ತಾ ಕೂತುಬಿಡುತ್ತಿದ್ದಳು. ಗುಡಿಗೆ ಹೋದವಳಲ್ಲ, ಯಾತ್ರೆ ಮಾಡಿದವಳಲ್ಲ. ಅವಳ ದೇವರಮನೆ ಆ ಒಂದು ಅಂಗೈ. ಆ ಹೊತ್ತಿನಲ್ಲಿ ಮಾತ್ರ ಅವಳ ಮುಖದ ದಣಿವು ಇಳಿದಿರುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೂ ನಾನು ಕರೆಯುತ್ತಿರಲಿಲ್ಲ.

ಹತ್ತನೇ ಇಯತ್ತೆ ಪಾಸಾದ ಮೇಲೆ ನನಗೆ ಬೆಳಗಾವಿಯಲ್ಲಿ ಕೆಲಸ ಸಿಕ್ಕಿತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ, ಸ್ಟೇಷನ್ನಿನಲ್ಲಿ ಇಳಿದು, ಅನಗೋಳದ ತನಕ ನಡೆಯುತ್ತಿದ್ದೆ. ಅಲ್ಲಿ ಒಂದು ಓಣಿಯ ಕೊನೆಗೆ ತಗಡಿನ ಪತ್ರಾಸು ಹೊದಿಸಿದ ಶೆಡ್ಡಿನಲ್ಲಿ ಮುಖಕ್ಕೂ ಕೈಗೂ ಹಚ್ಚುವ ಕ್ರೀಮು ಮಾಡುತ್ತಿದ್ದರು. ಮಾಲಕರು ಒಬ್ಬರು, ಕೆಲಸದವರು ಐದಾರು ಹೆಣ್ಣುಮಕ್ಕಳು. ಮೇಣದಂಥ ಬಿಳಿ ಚೂರು ಕರಗಿಸಿ, ವಾಸನೆಯಿಲ್ಲದ ಬಿಳಿ ಎಣ್ಣೆ ಬೆರೆಸಿ, ಬಿಸಿನೀರು ಹೊಯ್ಯುತ್ತಾ ಮರದ ಹುಟ್ಟಿನಿಂದ ತಿರುವುತ್ತಾ ಇರಬೇಕು. ತೋಳು ಬಿದ್ದುಹೋಗುವಂತೆ ನೋಯುತ್ತಿರುವಾಗ, ನೀರುನೀರಾಗಿದ್ದದ್ದು ಒಮ್ಮೆಲೇ ಬೆಣ್ಣೆಯಾಗಿಬಿಡುತ್ತದೆ. ನನಗೆ ಅದನ್ನು ನೋಡುವುದೆಂದರೆ ಹಬ್ಬ.

ಚರ್ಮದಲ್ಲಿ ಪಸೆ ನಿಲ್ಲಲೆಂದು ಮೊದಲು ಗ್ಲಿಸರಿನ್ ಹಾಕುತ್ತಿದ್ದೆವು. ಅದು ಸಿಗುವುದು ಕಷ್ಟವಾದಾಗ ಮಾಲಕರು ಬೇರೊಂದು ಡ್ರಮ್ಮು ತರಿಸಿದರು. ಮೇಲೆ ಇಂಗ್ಲಿಷಿನಲ್ಲಿ ಉದ್ದ ಹೆಸರು: ಪ್ರೊಪಿಲೀನ್ ಗ್ಲೈಕೋಲ್. ಅಲ್ಲಿ ಇಂಗ್ಲಿಷ್ ಅಕ್ಷರ ಬರೆಯಬಲ್ಲವಳು ನಾನೊಬ್ಬಳೇ. ಆದ್ದರಿಂದ ಸಾಮಾನಿನ ಪುಸ್ತಕದಲ್ಲಿ ಅದನ್ನು ನೋಡಿ ನೋಡಿ ಬರೆಯುವ ಕೆಲಸ ನನಗೆ ಬಂತು. ಬಣ್ಣವಿಲ್ಲ, ವಾಸನೆಯಿಲ್ಲ, ತೆಳು ಪಾಕದಂಥ ದ್ರವ.

"ಇದು ಮಷೀನಿನ್ಯಾಗ ಹುಟ್ಟಿದ್ದು, ಖರೇ ಭಾರಿ ಮಾಲು," ಎಂದರು ಮಾಲಕರು. "ಗಾಳಿಯೊಳಗಿನ ನೀರು ಎಳದು ಚರ್ಮಕ್ಕ ಕೊಡತೈತಿ. ಅಳತಿ ಮಾತ್ರ ಮೀರಬ್ಯಾಡ್ರಿ."

ಮೊದಲಿನ ಮಾತು ನನ್ನ ತಲೆಯಲ್ಲಿ ಕೂತಿತು. ಕೊನೆಯ ಮಾತು ಕೂರಲಿಲ್ಲ.

ನನ್ನ ಪಕ್ಕದಲ್ಲಿ ಹುಟ್ಟು ತಿರುವುತ್ತಿದ್ದ ಹಿರಿಯ ಹೆಂಗಸನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಅನಗೋಳದವಳೇ. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ, ಮಾಲಕರ ಜೊತೆ ಮರಾಠಿ. ಕೆಲಸಕ್ಕೆ ಕೂರುವ ಮುನ್ನ ಅವಳು ಎರಡೂ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ನಾವೇ ಮಾಡಿದ ಕ್ರೀಮನ್ನು ಒಂದು ದಿನವೂ ಹಚ್ಚಿಕೊಂಡವಳಲ್ಲ. ಅಕ್ಷರ ಬಾರದವಳು, ಹೊಸದು ಕಂಡರೆ ಹೆದರುತ್ತಾಳೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಹತ್ತು ಇಯತ್ತೆ ಕಲಿತ ಸೊಕ್ಕು ನೋಡಿ.

ಆ ವರ್ಷ ಚಳಿ ಜೋರಾಗಿತ್ತು. ಮನೆಗೆಂದು ಒಂದೊಂದು ಡಬ್ಬಿ ಮಾಡಿಕೊಳ್ಳಿ ಎಂದು ಮಾಲಕರು ಅಪ್ಪಣೆ ಕೊಟ್ಟರು. ನಾನು ಸಣ್ಣ ಪಾತೇಲಿಯಲ್ಲಿ ಅವ್ವನ ಪಾಲಿನದನ್ನು ಬೇರೆಯಾಗಿ ಮಾಡಿದೆ. ಮಂದಿಯ ಡಬ್ಬಿಗೆ ಹಾಕುವ ಅಳತೆ ಅವ್ವನ ಕೈಗೆ ಎಲ್ಲಿ ಸಾಲೀತು? ಅಷ್ಟು ಬಿರಿದ ಕೈ. ಡ್ರಮ್ಮಿನಿಂದ ಆ ದ್ರವವನ್ನು ಎರಡು ಪಟ್ಟು ಹೊಯ್ದೆ. ನಮ್ಮಲ್ಲಿ ತೀರ ಬೇಕಾದವರು ಊಟಕ್ಕೆ ಕೂತರೆ ತುಪ್ಪದ ಚಮಚ ಇನ್ನೊಮ್ಮೆ ಬಾಗುತ್ತದಲ್ಲ, ಹಾಗೆ.

ಖಾಲಾ ನೋಡಿದಳು. "ಬೇಟಿ, ಅಳತಿ ತಪ್ಪೇತಿ."

"ತಪ್ಪಿಲ್ಲ ಖಾಲಾ. ನಮ್ಮವ್ವಗ ಅಂತ ಹೆಚ್ಚಿಗಿ ಹಾಕೀನಿ."

"ಬಿರದ ಕೈಗೆ ಇದು ಉರೀತೈತಿ. ಇಲ್ಲಿ ನೋಡ," ಎಂದು ಬೆರಳ ಸಂದು ಬಿಡಿಸಿ ತೋರಿಸಿದಳು. ಅಲ್ಲಿ ಚರ್ಮ ಕೆಂಪಗೆ ಸುಲಿದಿತ್ತು. "ನನಗ ಬರೇ ಸಿಡದದ್ದಕ್ಕ ಹಿಂಗ ಆಗೇತಿ. ಅವ್ವಗ ಎಣ್ಣಿ ಒಯ್ಯಿ, ಇದು ಬ್ಯಾಡ."

ನಿನ್ನ ಕೈ ಸಾಬೂನಿನಿಂದ ಹಾಗಾಗಿದೆ ಎಂದು ಹೇಳಿ ನಾನು ಡಬ್ಬಿಯ ಮುಚ್ಚಳ ತಿರುಗಿಸಿದೆ.

ಅವ್ವನಿಗಾದ ಸಂತೋಷ ಇಷ್ಟಷ್ಟಲ್ಲ. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಯಾರಿಗೂ ಒಂದು ಬೆರಳಿನಷ್ಟೂ ಕೊಡಲಿಲ್ಲ. ಮರುದಿನದಿಂದ ಮಿಂದು ಬಂದವಳೇ ಮೊದಲು ಎರಡೂ ಅಂಗೈಗೆ ಅದನ್ನು ದಪ್ಪಗೆ ಸವರಿಕೊಂಡು, ಆಮೇಲೆ ಪೂಜೆಗೆ ಕೂರುವುದು ರೂಢಿಯಾಯಿತು. ಮೆತ್ತಗಿನ ಕೈಯಲ್ಲಿ ಲಿಂಗ ಹಿಡಿಯಬೇಕೆಂಬುದು ಅವಳ ಆಸೆ. ಹಚ್ಚುವಾಗ ಅವಳು ಹಲ್ಲು ಕಚ್ಚುವುದನ್ನು ನಾನು ಕಂಡೆ.

"ಉರೀತೈತೇನ ಯವ್ವಾ?"

"ಉರೀಲಿ ಬಿಡು. ಉರದ್ರ ಔಷಧ ಹತ್ತೇತಿ ಅಂತ ಅರ್ಥ."

ನಾನೂ ಹಾಗೇ ತಿಳಿದೆ. ಎರಡು ದಿನ ಕೈ ನುಣುಪಾಗಿ ಕಂಡಿತು. ಹದಿನೈದು ದಿನದೊಳಗೆ ಎಡ ಅಂಗೈಯ ನಡುವೆ ಸಾಸಿವೆಯಷ್ಟು ಗುಳ್ಳೆಗಳು ಎದ್ದವು. ಒಡೆದು ನೀರು ಸೋರತೊಡಗಿದವು. ಬಲಗೈಗೂ ಇತ್ತು, ಆದರೆ ಎಡಗೈಗೆ ಹೆಚ್ಚು. ಕ್ರೀಮಿನ ಮೇಲೆ ನೀರು, ವಿಭೂತಿ, ಮೇಲೆ ಲಿಂಗ, ಹಾಗೆಯೇ ಅರ್ಧ ತಾಸು. ಅವ್ವ ಇನ್ನಷ್ಟು ದಪ್ಪಗೆ ಹಚ್ಚಿದಳು. ಇನ್ನೊಂದು ಡಬ್ಬಿ ತಾ ಎಂದಳು. ತಂದುಕೊಟ್ಟೆ, ಅದೇ ಎರಡು ಪಟ್ಟಿನದು.

ಒಂದು ಸೋಮವಾರ ಬೆಳಿಗ್ಗೆ ನಾನು ಗಾಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅವ್ವ ನೀರೆರೆಯುತ್ತಿದ್ದಳು. ಒಡೆದ ಗುಳ್ಳೆಗೆ ನೀರು ತಾಗಿರಬೇಕು, ಕೈ ತಟ್ಟನೆ ಅದುರಿತು. ಲಿಂಗ ಜಾರಿ ಬಿತ್ತು. ನೆಲಕ್ಕಲ್ಲ, ಅವಳ ಮಡಿಲಿಗೆ, ಸೀರೆಯ ನೆರಿಗೆಯೊಳಗೆ. ಆದರೂ ಬಿತ್ತು. ಲಿಂಗ ಕಟ್ಟಿಕೊಂಡವರಿಗೆ ಅದು ಕೈಜಾರುವುದೆಂದರೆ ಏನೆಂಬುದನ್ನು ನಾನು ವಿವರಿಸಲಾರೆ. ಜೀವ ಜಾರಿದಂತೆ ಎಂದುಕೊಳ್ಳಿ. ಅವ್ವ ಕಿರುಚಲಿಲ್ಲ. ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು, ಬಾಯಲ್ಲಿ ಸೆರಗು ತುರುಕಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದು ನನಗೆ ನೆನಪಿಲ್ಲ.

"ನನ್ನ ಕೈಗೆ ಯೋಗ್ಯತಿ ಇಲ್ಲವ್ವ. ಏನೋ ತಪ್ಪ ಮಾಡೀನಿ, ಏನಂತ ತಿಳೀವಲ್ತು," ಎಂದಳು.

ಮರುದಿನ ಅವಳು ಲಿಂಗವನ್ನು ಒಂದು ಸಣ್ಣ ಹಿತ್ತಾಳೆ ತಾಟಿನಲ್ಲಿ ಇಟ್ಟು ಪೂಜೆ ಮಾಡಿದಳು. ಎಡಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

ನಾನು ಒತ್ತಾಯ ಮಾಡಿ ಬೆಳಗಾವಿಯ ಚರ್ಮದ ಡಾಕ್ಟರ ಬಳಿ ಕರೆದೊಯ್ದೆ. ಅವರು ಕೈಯನ್ನು ತಿರುಗಿಸಿ ನೋಡಿ, "ಕೈಗೆ ಏನೇನ ಹಚ್ಚತೀರಿ?" ಎಂದು ಕೇಳಿದರು.

"ಏನಿಲ್ರಿ. ಎಣ್ಣಿ ಅಷ್ಟ," ಎಂದಳು ಅವ್ವ.

ನಾನು ಬಾಜುವಿಗೇ ಕೂತಿದ್ದೆ. ಹೊರಗೆ ಬಂದ ಮೇಲೆ ಅವಳೇ ಹೇಳಿದಳು: "ನೀ ಕಷ್ಟಪಟ್ಟ ಮಾಡಿದ್ದಕ್ಕ ಆ ಮನಶಾ ಕೆಟ್ಟ ಹೆಸರ ಇಡೂದು ಬ್ಯಾಡಾಗಿತ್ತ ನನಗ." ಆ ಡಬ್ಬಿಯ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಗಳು ಮಾಡಿದ್ದು ಕೆಟ್ಟದ್ದು ಮಾಡೀತೆಂದು ಅವಳಿಗೆ ಹೊಳೆಯುವ ಹಾಗೇ ಇರಲಿಲ್ಲ.

ಡಾಕ್ಟರು ಕೊಟ್ಟ ಮುಲಾಮಿನಿಂದ ಕೈ ಇನ್ನೂ ಕೆಂಪಾಯಿತು. ಮೂರನೇ ದಿನ ನಾನು ಆ ಟ್ಯೂಬು ಎತ್ತಿ ಸುಮ್ಮನೆ ಓದಿದೆ. ಔಷಧದ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ನಾನು ಪುಸ್ತಕದಲ್ಲಿ ನೂರು ಸಲ ಬರೆದ ಅದೇ ಉದ್ದ ಹೆಸರು ಇತ್ತು. ಖಾಲಾಳ ಬೆರಳ ಸಂದು ನೆನಪಾಯಿತು.

ಮರುದಿನ ಕೆಲಸ ಮುಗಿಸಿ ಒಬ್ಬಳೇ ಡಾಕ್ಟರ ಬಳಿ ಹೋಗಿ ಆ ಹೆಸರಿನ ಬಗ್ಗೆ ಕೇಳಿದೆ. "ಭಾಳ ಮಂದಿಗೆ ಏನೂ ಆಗೂದಿಲ್ಲ," ಎಂದರು ಅವರು. "ಆದ್ರ ಬಿರದ ಚರ್ಮಕ್ಕ ಅಳತಿ ಮೀರಿ ಬಿತ್ತಂದ್ರ ಸುಡತೈತಿ. ಒಮ್ಮೆ ಚರ್ಮಕ್ಕ ಅದು ಒಗ್ಗಲಿಲ್ಲ ಅಂದ್ರ, ಮುಂದ ತುಸು ತಾಗಿದ್ರೂ ಸಾಕು, ಮತ್ತ ಏಳತೈತಿ. ಯಾರಿಗೆ ಆಗೇತಿ?"

"ಕೆಲಸದಾಗಿನ ಒಬ್ಬಾಕೀಗ್ರಿ," ಎಂದೆ.

ಮುಲಾಮನ್ನೂ ಡಬ್ಬಿಯನ್ನೂ ನಾನು ಒಯ್ದು ಎಸೆದೆ. ಅವ್ವನಿಗೆ, ಹಳೇ ಮಾಲು ಕೆಟ್ಟಿದೆ, ಹೊಸದು ತರುವ ತನಕ ಕೊಬ್ಬರಿ ಎಣ್ಣೆ ಹಚ್ಚು ಎಂದೆ. ಹೊಸದು ತರಲೇ ಇಲ್ಲ. ಎಣ್ಣೆಯನ್ನು ಖಾಲಾಳ ಮನೆಯಿಂದಲೇ ತಂದೆ. ಅವಳು ಏನಾಯಿತೆಂದು ಕೇಳಲಿಲ್ಲ, ಹಂಗಿಸಲೂ ಇಲ್ಲ. ಬಾಟಲಿ ತುಂಬಿ ಕೊಟ್ಟಳು. ಬೇಸಿಗೆ ಹೊತ್ತಿಗೆ ಅವ್ವನ ಅಂಗೈ ಮುಚ್ಚಿಕೊಂಡಿತು. ಹೊಸ ಚರ್ಮ ತಿಳಿಗೆಂಪಾಗಿ, ಕೂಸಿನ ಕೈಯಂತೆ ಇತ್ತು.

ಆದರೆ ತಾಟು ಮಾತ್ರ ಸರಿಯಲಿಲ್ಲ. ಒಂದು ದಿನ ತಡೆಯದೆ ಕೇಳಿದೆ. "ಕೈ ವಾಸಿ ಆಗೇತಲ್ಲ ಯವ್ವಾ. ಮತ್ತ ಅಂಗೈ ಮ್ಯಾಲ ಇಟಗೊ."

"ಕೈ ವಾಸಿ ಆಗೇತಿ ಖರೇ," ಎಂದಳು ಅವ್ವ. "ಯಾಕ ಬಿತ್ತು ಅನ್ನೂದು ಗೊತ್ತಾಗಿಲ್ಲಲ್ಲ. ಗೊತ್ತಾಗೂತನಕ ತಾಟಿನ್ಯಾಗ ಇರಲಿ."

ಯಾಕೆ ಬಿತ್ತೆಂದು ಜಗತ್ತಿನಲ್ಲಿ ಗೊತ್ತಿದ್ದವಳು ನಾನೊಬ್ಬಳು, ಅವಳ ಎದುರಿಗೇ ಕೂತಿದ್ದೆ. ತಪ್ಪು ನಿನ್ನ ಕೈಯದಲ್ಲ, ನನ್ನ ಡಬ್ಬಿಯದು. ಅಷ್ಟೇ ಹೇಳಬೇಕಿತ್ತು. ಹೇಳಿದ್ದರೆ ಅವಳು ನಕ್ಕು, ತಲೆಗೊಂದು ಮೊಟಕಿ, ಮರುದಿನವೇ ಲಿಂಗವನ್ನು ಅಂಗೈಗೆ ತಂದುಕೊಳ್ಳುತ್ತಿದ್ದಳು. ನನ್ನ ಮಗಳು ಕ್ರೀಮು ಮಾಡುತ್ತಾಳೆ ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದು ಕಣ್ಣಮುಂದೆ ಬರುತ್ತಿತ್ತು. ಖಾಲಾ ಎಚ್ಚರಿಸಿದ್ದಳೆಂಬುದನ್ನೂ ಆಗ ಒಪ್ಪಿಕೊಳ್ಳಬೇಕಾಗುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಹೇಡಿಗೆ ನಾಳೆ ಎಂಬುದು ಎಷ್ಟು ಅನುಕೂಲದ ದಿನ!

ನಾನು ಆ ಕೆಲಸ ಬಿಟ್ಟೆ, ಮದುವೆಯಾದೆ, ಬೆಳಗಾವಿಗೇ ಬಂದೆ. ಪ್ರತಿ ಸಲ ಖಾನಾಪುರಕ್ಕೆ ಹೋಗುವಾಗ ಇಂದು ಹೇಳಿಯೇ ಬಿಡಬೇಕು ಎಂದು ಹೊರಡುತ್ತಿದ್ದೆ. ತಾಟನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಮತ್ತೆ ದೇವರ ಗೂಡಿನಲ್ಲಿಟ್ಟು, ಬಸ್ಸು ಹತ್ತಿ ವಾಪಸು ಬರುತ್ತಿದ್ದೆ. ಹೀಗೆ ಆರು ವರ್ಷ.

ಎಂಬತ್ತರ ದಶಕದ ನಡುವೆ ಒಂದು ಮಳೆಗಾಲ ಅವ್ವ ಜ್ವರ ಬಂದು ನಾಲ್ಕೇ ದಿನ ಮಲಗಿ ಹೋಗಿಬಿಟ್ಟಳು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಅವಳಿಗೆ ಮಾತು ನಿಂತಿತ್ತು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಕೂತ ದೇಹದ ಎಡ ಅಂಗೈಗೆ ಅವರ ಲಿಂಗವನ್ನು ಇಟ್ಟು ಕಳಿಸುತ್ತೇವೆ. ಕುಣಿಯ ಬಳಿ ಅಯ್ಯನವರು ತಾಟಿನಿಂದ ಲಿಂಗ ತೆಗೆದುಕೊಂಡು, "ಎಡಗೈ ಬಿಡಸ್ರಿ," ಎಂದರು. ನಾನೇ ಬಾಗಿ ಬೆರಳು ಬಿಡಿಸಿದೆ. ಮಳೆಗಾಲವಲ್ಲವೇ, ಅಂಗೈ ನುಣುಪಾಗಿತ್ತು. ಒಂದು ಬಿರುಕೂ ಇರಲಿಲ್ಲ. ಆರು ವರ್ಷದ ಮೇಲೆ ಲಿಂಗ ಅದರ ಮೇಲೆ ಬಂದು ಕೂತಿತು.

"ಯವ್ವಾ, ತಪ್ಪು ನಿನ್ನ ಕೈದಲ್ಲ. ಡಬ್ಬಿಯಾಗ ನಾನ ಎರಡು ಪಟ್ಟು ಹಾಕಿದ್ದೆ," ಎಂದೆ. ಜೋರಾಗಿಯೇ ಹೇಳಿದೆ.

"ದುಃಖದಾಗ ಏನೇನೋ ಅನ್ನಾಕತ್ತಾಳ, ಹಿಡಕೋರಿ," ಎಂದು ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಅಂಗೈಯಿಂದ ಲಿಂಗ ಜಾರಲಿಲ್ಲ. ವಿಭೂತಿ, ಪತ್ರಿ ಹಾಕಿದ ಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಅವಳ ಕೈಯ ಜಿಡ್ಡನ್ನೆಲ್ಲ ಹೀರಿದ ಅದೇ ಹಂಚಿನ ಮಣ್ಣು. ನನ್ನ ಸರದಿ ಬಂದಾಗ ನಾನೂ ಒಂದು ಹಿಡಿ ಹಾಕಿದೆ.