ಅರಿಶಿನ ಮುಟ್ಟಿಸಿದ ದಾರ

ಮೈಕ್ರೋಸ್ಕೋಪಿನಲ್ಲಿ ಆ ಹಸಿರು ಕಂಡದ್ದೇ ತಡ, ನಾನು ಎದ್ದ ರಭಸಕ್ಕೆ ಸ್ಟೂಲು ಮಗುಚಿ ಬಿತ್ತು. ಮಂಡ್ಯದ ನಮ್ಮ ಲ್ಯಾಬಿನಲ್ಲಿ ಎರಡು ವರ್ಷದಿಂದ ನನ್ನದು ಒಂದೇ ಕೆಲಸ, ರೇಷ್ಮೆ ದಾರದ ಮೇಲೆ ಜೀವಕೋಶ ಬೆಳೆಸುವುದು. ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿಯುವ ನಾರು ಹರಿದುಹೋದರೆ ಆ ಜಾಗಕ್ಕೆ ಈ ದಾರ ಹಾಕಬೇಕು, ಅದನ್ನು ಹಿಡಿದುಕೊಂಡು ಮೈ ತನ್ನ ಹೊಸ ನಾರನ್ನು ತಾನೇ ಕಟ್ಟಿಕೊಳ್ಳಬೇಕು. ಹೇಳುವುದು ಸುಲಭ. ನನ್ನ ಕೋಶಗಳು ಮಾತ್ರ ಪ್ರತಿ ಸಲವೂ ಸಾಯುತ್ತಿದ್ದವು. ಪಕ್ಕದ ಮೇಜಿನವರು ಮೂಳೆಯ ಬಿರುಕು ತುಂಬುವ ಪುಡಿ ಮಾಡಿ ಆಗಲೇ ಶಹಬ್ಬಾಸ್ ಗಿಟ್ಟಿಸಿದ್ದರು, ನನಗೆ ಹೊಟ್ಟೆಕಿಚ್ಚು. ಈ ಸಲವೂ ಆಗದಿದ್ದರೆ ದಾರ ಬಿಟ್ಟು ಮೂಳೆಯ ಕಡೆ ಬಾ ಎಂದು ನನ್ನ ಗೈಡ್ ಮೇಡಂ ಹೇಳಿಬಿಟ್ಟಿದ್ದರು.

ದಾರಕ್ಕೆ ಬೇಕಾದ ರೇಷ್ಮೆ ಗೂಡು ನಮ್ಮ ಮನೆಯದೇ. ಬೆಸಗರಹಳ್ಳಿಯಲ್ಲಿ ಅವ್ವ ರೇಷ್ಮೆ ಹುಳ ಸಾಕುತ್ತಾಳೆ. ಮಳವಳ್ಳಿಯಲ್ಲಿ ನೂಲು ತೆಗೆಸಿ, ಲ್ಯಾಬಿನಲ್ಲಿ ಸೋಡಾ ಪುಡಿ ಹಾಕಿದ ನೀರಿನಲ್ಲಿ ಕುದಿಸಿ ಅಂಟು ಬಿಡಿಸುತ್ತಿದ್ದೆ. ಆದರೆ ನಮ್ಮ ಯಂತ್ರದಲ್ಲಿ ಹೊಸೆದರೆ ಎಳೆಗಳು ಎಷ್ಟು ಬಿಗಿಯಾಗುತ್ತಿದ್ದವೆಂದರೆ ಕೋಶಗಳಿಗೆ ಒಳಗೆ ಕಾಲಿಡಲೂ ಜಾಗವಿರುತ್ತಿರಲಿಲ್ಲ. ಒಂದು ಭಾನುವಾರ ಅವ್ವ ತೊಡೆಯ ಮೇಲೆ ಬತ್ತಿ ಹೊಸೆಯುವುದನ್ನು ನೋಡುತ್ತ ಕೂತಿದ್ದವಳಿಗೆ ಹೊಳೆಯಿತು. ಎಳೆಗಳನ್ನು ಅವಳ ಕೈಗೆ ಕೊಟ್ಟೆ. ಅವಳ ಬಲಭುಜದ ನಾರು ಹರಿದಿದೆ, ಹುಳ ಗೂಡು ಕಟ್ಟುವ ಚಂದ್ರಿಕೆಯ ತಟ್ಟೆಗಳನ್ನು ಮೇಲಕ್ಕೆ ಎತ್ತಿಡಲಾರಳು; ತೊಡೆಯ ಮೇಲೆ ಹೊಸೆಯುವುದಕ್ಕೆ ಭುಜ ಎತ್ತಬೇಕಿಲ್ಲ. ಸಡಿಲವೂ ಅಲ್ಲದ ಬಿಗಿಯೂ ಅಲ್ಲದ ದಾರ ಬಂತು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಇಂಥಾ ಭುಜ ಕಟ್ಟೋಕೇ ಕಣವ್ವ ಈ ದಾರ ಎಂದೆ. ಮಿಕ್ಕ ಎಳೆಗಳನ್ನೂ ಅವಳ ಹತ್ತಿರ ಬಿಟ್ಟು ಬಂದು, ಮುಂದಿನ ವಾರ ಹೊಸೆದಿಟ್ಟ ದಾರ ತಂದೆ.

ಆ ದಾರದ ಮೇಲೆ ಈಗ ಹಸಿರು! ನಾವು ಹಾಕುವ ಬಣ್ಣಕ್ಕೆ ನೀಲಿ ಬೆಳಕು ಬಿಟ್ಟರೆ ಬದುಕಿರುವ ಕೋಶ ಹಸಿರಾಗಿ ಹೊಳೆಯುತ್ತದೆ. ಇಲ್ಲಿ ದಾರಕ್ಕೆ ದಾರವೇ ಹೊಳೆಯುತ್ತಿತ್ತು. ಫೋಟೋ ತೆಗೆದು ಮೇಡಂಗೆ ಕಳಿಸಿದೆ, ಮನೆಗೆ ಕಳಿಸಿದೆ, ಪಕ್ಕದ ಮೇಜಿನವರನ್ನು ಕರೆದು ತೋರಿಸಿದೆ. ಮೇಡಂ ಒಂದೇ ಸಾಲು ಬರೆದರು: "ಕೋಶ ಹಾಕದ ದಾರವನ್ನೂ ನೋಡಿದಿಯಾ?"

ನೋಡಿರಲಿಲ್ಲ. ಹೋಲಿಸಿ ನೋಡಲೆಂದೇ ಬರೀ ದಾರದ ತುಂಡೊಂದನ್ನು ಇಟ್ಟು, ಖುಷಿಯ ಭರದಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಬೆಳಕಿನ ಕೆಳಗೆ ಇಟ್ಟೆ. ಅದೂ ಹಸಿರು. ಉಳಿದಿದ್ದ ದಾರವನ್ನು ಕಿಟಕಿಗೆ ಹಿಡಿದು ನೋಡಿದರೆ ತೆಳು ಹಳದಿ. ನಮ್ಮ ಗೂಡೇ ಹಳದಿ ಜಾತಿಯದು, ಅದರದ್ದೇ ಬಣ್ಣ ಒಂಚೂರು ಉಳಿದಿದೆ ಎಂದುಕೊಂಡಿದ್ದೆ. ಮೂಸಿದೆ. ಅರಿಶಿನ. ನೀಲಿ ಬೆಳಕಿಗೆ ಅರಿಶಿನವೂ ಹಸಿರಾಗಿ ಹೊಳೆಯುತ್ತದೆ. ರೇಷ್ಮೆಗೆ ಹತ್ತಿದ ಅರಿಶಿನ ಕ್ರಿಮಿ ಸಾಯಲೆಂದು ನಾನು ಕೊಟ್ಟ ಆವಿಗೂ ಬಿಟ್ಟಿರಲಿಲ್ಲ, ತೊಳೆದ ಸ್ಪಿರಿಟ್ಟಿಗೂ ಬಿಟ್ಟಿರಲಿಲ್ಲ.

ಆಗಲೇ ಊರಿಗೆ ಹೊರಟೆ; ಬಸ್ಸು ಹನಕೆರೆ ದಾಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ. ಮದ್ದೂರಿನಲ್ಲಿ ಬೆಸಗರಹಳ್ಳಿ ಬಸ್ಸು ಹತ್ತಿದ ಮೇಲೆ ಅವ್ವನನ್ನು. ಹುಳುಮನೆಯಲ್ಲಿ ಅವಳು ಎಡಗೈಯಲ್ಲಿ ಸೊಪ್ಪು ಹಾಕುತ್ತಿದ್ದಳು.

"ದಾರಕ್ಕೆ ಅರಿಸ್ನ ಆಕಿದ್ದಾ?"

"ಊ, ವಸಿ ಮುಟ್ಟುಸ್ದೆ. ನನ್ ಬುಜಕ್ಕೆ ಆಕೋ ದಾರ ಅಲ್ವಾ? ಕೈಗೆ ಕಟ್ಟೋ ಕಂಕಣಕ್ಕೇ ಅರಿಸ್ನ ಬೇಕು. ಮೈಯೊಳೀಕೆ ಓಗೋದ್ನ ಅಂಗೇ ಕೊಟ್ಟಾರಾ?"

ಬೈಯಲೆಂದು ಬಂದವಳು ಬ್ಯಾಗು ಕೆಳಗಿಟ್ಟು ಕೂತೆ. ಇಷ್ಟು ದಿನ ಅವಳು ತನ್ನ ಭುಜಕ್ಕೆಂದೇ ಹೊಸೆಯುತ್ತಿದ್ದಳು. ಹಾಗೆಂದು ನಂಬಿಸಿದವಳು ನಾನು.

"ಇದು ನಿಂಗಲ್ಲ ಕಣವ್ವ," ಎಂದೆ. "ಇನ್ನೂ ಪ್ರಾಣಿಗಳ್ ಮ್ಯಾಲೆ ನೋಡ್ಬೇಕು, ಆಮ್ಯಾಲೆ ಮನುಸ್ರು. ಎಷ್ಟು ವರ್ಸ ಆಯ್ತದೋ ಗೊತ್ತಿಲ್ಲ."

ಅವಳು ಕೈಲಿದ್ದ ಸೊಪ್ಪನ್ನು ಹುಳುಗಳ ಮೇಲೆ ಹರಡಿ ಮುಗಿಸಿದಳು.

"ಮೊದ್ಲೇ ಯೋಳ್ಬಾರ್ದಾ ಮಗ," ಎಂದಳು. ಆಮೇಲೆ, "ಕೈ ತೊಳ್ಕಂಡು ಬತ್ತೀನಿ. ಎಳೆ ತಗಿ."

ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳಿಗೆ ಗ್ಲೌಸು ಹಾಕಿಸಿದೆ. ಮದುವೆ ಮನೆಯಲ್ಲಿ ಬಡಿಸುವವರ ಕೈ ಆಯ್ತಲ್ಲ ಎಂದು ನಕ್ಕಳು. ತೊಡೆಯ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿಕೊಂಡು ಮೂರು ಗೇಣು ಹೊಸೆದು ಕೊಟ್ಟಳು.

ಮಾರನೇ ದಿನ ಮೇಡಂ ಎದುರು ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಇನ್ನೊಂದೇ ಸಲ ಎಂದರು.

ಆ ಒಂದು ಸಲಕ್ಕೆ ಮೊದಲು ಬರೀ ದಾರವನ್ನು ಇಟ್ಟೆ. ಕಪ್ಪು. ಪೂರಾ ಕಪ್ಪು. ಕಪ್ಪು ಕಂಡು ಅಷ್ಟು ಖುಷಿ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಆಮೇಲೆ ಕೋಶ ಹಾಕಿದ ದಾರ ಇಟ್ಟೆ. ಎರಡು ಸಲ ಫೋಕಸ್ ತಪ್ಪಿತು. ಮೂರನೇ ಸಲಕ್ಕೆ ಕಂಡವು: ಒಂದೊಂದೂ ಬೇರೆಬೇರೆಯಾಗಿ, ಉದ್ದುದ್ದಕೆ, ಅವ್ವ ಹೊಸೆದ ತಿರುವನ್ನೇ ಹಿಡಿದು, ನಾಟಿ ಹಾಕಿದ ಪೈರಿನ ಸಾಲಿನಂತೆ ಹಸಿರು. ಸ್ಟೂಲು ಮತ್ತೆ ಬಿತ್ತು. ಮೇಡಂ ಬಂದು ನೋಡಿ, ದಾರ ಬಿಡಬೇಡ ಎಂದರು.

ಅವ್ವನಿಗೆ ಫೋನ್ ಮಾಡಿದೆ. "ಬದುಕವೆ ಕಣವ್ವ."

"ಅರಿಸ್ನ ಇಲ್ದೇನೇವಾ?"

"ಇಲ್ದೇನೇ."

ಅವ್ವ ಹೇಳಿದಳು: "ಅಂಗಾದ್ರೆ ಬರೋ ಭಾನ್ವಾರ ಇನ್ನೊಂದಷ್ಟು ಎಳೆ ತತ್ತಾ. ಕೈ ವಸಿ ಆಡೂವಾಗ್ಲೇ ಒಸ್ದು ಇಟ್ಬುಡ್ತೀನಿ."