ಪರದೆ ಮುಚ್ಚಿದ್ದಾಗ ಈಚೆ ಬಂದ ಹುಡುಗ

ಮೊನ್ನೆ ಮೊಮ್ಮಗಳು ಟೀವಿಯಲ್ಲಿ ಮಕ್ಕಳ ಸಾಹಸದ ಧಾರಾವಾಹಿಯೊಂದನ್ನು ಹಾಕಿದಳು. ಹಡಗು, ದ್ವೀಪ, ಕಳ್ಳರು, ಒಬ್ಬ ಹುಡುಗ. ಇದು ನಾನು ಓದಿದ್ದ ಕಥೆಯೇ ಎಂದು ಗೊತ್ತಾಗಿ ಒಲೆ ಆರಿಸಿ ಬಂದು ಕೂತೆ. ಕೂತಿದ್ದೇ ತಪ್ಪಾಯಿತು. ಆ ಹುಡುಗ ಹಡಗಿನ ಮೇಲಿಂದ ಧುಮುಕಿ ಮೀನಿನ ಹಾಗೆ ಈಜತೊಡಗಿದ.

"ಅವ್ನಿಗೆ ಈಜು ಬರಾಕಿಲ್ಲ ಕಣಮ್ಮಿ!" ಎಂದು ಕೂಗಿದೆ.

"ಬರುತ್ತಲ್ಲಜ್ಜಿ, ನೋಡು" ಅಂದಳು.

ಮೈ ಉರಿಯಿತು. ಈ ಸಿಟ್ಟು ಇವತ್ತಿನದಲ್ಲ, ಎರಡನೇ ಮಹಾಯುದ್ಧದ ಕಾಲದ್ದು, ನಾನು ಹುಡುಗಿಯಾಗಿದ್ದ ಮದ್ದೂರಿನದು.

ಅಣ್ಣ ಆಗ ರೈಲಿನಲ್ಲಿ ಮಂಡ್ಯದ ಹೈಸ್ಕೂಲಿಗೆ ಹೋಗಿಬರುತ್ತಿದ್ದ. ಯಾರೋ ಓದಿ ಬಿಸಾಡಿದ್ದ ಪುಸ್ತಕವೊಂದನ್ನು ಅಲ್ಲಿಂದ ತಂದ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದು. ಮುಂದೆ ರಟ್ಟಿಲ್ಲ, ಹಿಂದೆ ಕೊನೆಯ ಹಾಳೆಗಳಿಲ್ಲ. ಅವನು ಮುಟ್ಟಲಿಲ್ಲ, ನಾನು ಬಾಯಿಪಾಠವಾಗುವಷ್ಟು ಓದಿದೆ. ಕಳ್ಳರಿಗೆ ಹೆದರಿ ಹುಡುಗ ಗುಹೆಗೆ ನುಗ್ಗುತ್ತಾನೆ. ಸಮುದ್ರ ಉಕ್ಕಿ ಬಂದು ನೀರು ಅವನ ಕುತ್ತಿಗೆ ಮುಟ್ಟುತ್ತದೆ. ಅವನಿಗೆ ಈಜು ಬಾರದು. ಅಲ್ಲಿಗೆ ಹಾಳೆ ಮುಗಿದಿತ್ತು.

ಶಿಂಷಾ ಹೊಳೆಯಲ್ಲಿ ಅಣ್ಣ ಮತ್ತು ಅವನ ಪಟಾಲಂ ಬಂಡೆ ಮೇಲಿಂದ ದುಡುಮ್ಮನೆ ಬೀಳುತ್ತಿದ್ದರು. ನಾನು ದಡದಲ್ಲಿ ಅವರ ಬಟ್ಟೆ ಒಗೆಯಬೇಕು. ನನಗೂ ಕಲಿಸಿ ಎಂದರೆ, ತಾಯಿಯಿಲ್ಲದ ನಮ್ಮನ್ನು ಸಾಕಿದ ಸೋದರತ್ತೆ, "ಎಣ್ಣೆಂಗ್ಸು ಈಜಿ ಯಾವ ರಾಜ್ಯ ಗೆಲ್ಬೇಕು?" ಎನ್ನುತ್ತಿದ್ದಳು. ಕಥೆಗಳ ವೀರರೆಲ್ಲ ಈಜುವವರೇ. ನನ್ನಂಥವನು ಈ ಗುಹೆಯ ಹುಡುಗನೊಬ್ಬನೇ. ಈಜು ಬಾರದವರು ನೀರಿನಿಂದ ಹೇಗೆ ಬದುಕಿ ಬರುತ್ತಾರೆ ಎಂಬುದು ನನಗೆ ತಿಳಿಯಲೇಬೇಕಿತ್ತು.

ಆ ವರ್ಷದ ಬೇಸಗೆಯಲ್ಲಿ ಊರಿಗೆ ಟೆಂಟ್ ಸಿನಿಮಾ ಬಂತು. ತಮಟೆ ಬಾರಿಸುತ್ತಾ ಬಂದ ಗಾಡಿಯ ಬೋರ್ಡಿನಲ್ಲಿ ಅದೇ ಗುಹೆ, ಅದೇ ನೀರು, ನೀರಿನ ಮೇಲೆ ಅದೇ ತಲೆ! ಇಂಗ್ಲಿಷ್ ಚಿತ್ರ, ಮಾತು ನಮಗೆ ತಿಳಿಯುವುದಿಲ್ಲ, ಕಣ್ಣಾರೆ ನೋಡಿಯೇ ತಿಳಿಯಬೇಕು. ಅನ್ನ ಬಿಟ್ಟು ಹಟ ಹಿಡಿದು ಅತ್ತೆಯನ್ನು ಹೊರಡಿಸಿದೆ.

ಟೆಂಟಿನಲ್ಲಿ ಇದ್ದದ್ದು ಒಂದೇ ಮಿಷನ್ನು. ಒಂದು ರೀಲು ಮುಗಿದರೆ ಇನ್ನೊಂದನ್ನು ಏರಿಸುವ ತನಕ ದೀಪ ಹಾಕುತ್ತಿದ್ದರು. ಬೆಳಕಿನಲ್ಲಿ ಗಂಡಸರ ಕಣ್ಣು ಬೀಳಬಾರದೆಂದು ಹೆಂಗಸರ ಭಾಗಕ್ಕೆ ಪರದೆ ಎಳೆಯುವುದು, ಕತ್ತಲಾದ ಮೇಲೆ ತೆಗೆಯುವುದು. ಇದಕ್ಕೊಬ್ಬಳು ಮುದುಕಿ ಇದ್ದಳು. ಎಳೆಯುವಾಗ ಮಿಂಚು, ತೆಗೆಯುವಾಗ ಎಮ್ಮೆ. ಗಂಡಸರು ಕೊಟ್ಟಷ್ಟೇ ಕಾಸು ನಾವೂ ಕೊಟ್ಟಿದ್ದರೂ ಪ್ರತಿ ರೀಲಿನ ಮೊದಲ ತುಣುಕು ನಮಗೆ ಖೋತಾ.

ನೀರು ಹುಡುಗನ ಕುತ್ತಿಗೆಗೆ ಬಂತು. ಗಲ್ಲಕ್ಕೆ ಬಂತು. ರೀಲು ಮುಗಿಯಿತು. ದೀಪ ಹತ್ತಿತು, ಪರದೆ ಬಿತ್ತು. ಅದೇ ಹೊತ್ತಿಗೆ ಮುಂದೆ ಕೂತಿದ್ದ ಪಟೇಲರ ಸೊಸೆ, ಕೂಸು ರಚ್ಚೆ ಹಿಡಿಯಿತೆಂದು ಮನೆಗೆ ಹೊರಟು ಎದ್ದಳು. ದೀಪ ಆರಿತು, ಮಿಷನ್ನು ಗರಗರ ಎಂದಿತು. ಮುದುಕಿ ಪರದೆಯನ್ನು ಬಿಗಿಯಾಗಿ ಹಿಡಿದೇ ನಿಂತಿದ್ದಳು.

"ತಗಿಯಜ್ಜಿ!"

"ಪಟೇಲ್ರ ಮನೆಯವ್ರು ದಾಟೋಗ್ಲಿ, ತಡ್ಕಳಮ್ಮಿ."

ಆಕೆಯೋ ಕೂಸಿನ ಕುಲಾವಿ ಹುಡುಕುತ್ತಿದ್ದಾಳೆ! ನಾನು ಪರದೆಯಡಿ ತಲೆ ತೂರಿಸಿದೆ. ಅತ್ತೆ ಜಡೆ ಹಿಡಿದು ಹಿಂದಕ್ಕೆಳೆದಳು. ಅಷ್ಟರಲ್ಲಿ ಆಚೆ ಗಂಡಸರೆಲ್ಲ ಹೋ ಎಂದು ಕೂಗಿದರು, ಸಿಳ್ಳೆ, ಚಪ್ಪಾಳೆ. ಪರದೆ ತೆರೆದಾಗ ಹುಡುಗ ಕಂಬಳಿ ಹೊದ್ದು ಹಡಗಿನಲ್ಲಿ ಏನೋ ಬಿಸಿಬಿಸಿ ಕುಡಿಯುತ್ತಿದ್ದ. ನನಗೆ ಅಳು ಉಕ್ಕಿ ಬಂತು.

ಗಂಡಸರ ಕಡೆ ಕೂತಿದ್ದ ಅಣ್ಣನನ್ನು ದಾರಿಯುದ್ದಕ್ಕೂ ಕಾಡಿದೆ.

"ಎಂಗೋ ಬಂದ ಬುಡಮ್ಮಿ. ಈಜ್ಕಂಡು ಬಂದ."

"ಅವ್ನಿಗೆ ಈಜು ಬರಾಕಿಲ್ಲ!"

"ಅಂಗಾರೆ ಆಗ ಕಲ್ತಿರ್ತಾನೆ."

ಸುಳ್ಳು ಹೇಳುತ್ತಿದ್ದ. ಬೀಡಿ ಸೇದಲು ಎದ್ದುಹೋಗಿದ್ದನೆಂದು ಬಾಯಿಯ ವಾಸನೆಯೇ ಹೇಳುತ್ತಿತ್ತು. ಅತ್ತೆಯನ್ನು ಕೇಳಿದರೆ, "ಬದುಕುದ್ನಲ್ಲ, ಸಾಲ್ದಾ? ಯಾವ್ದೋ ದೇವ್ರು ಕೈ ಇಡ್ದ" ಎಂದು ಮುಗಿಸಿದಳು. ಬೆಳಗಾದರೆ ಟೆಂಟು ಕಿತ್ತು ಮಳವಳ್ಳಿಗೆ ಹೊರಟಿತ್ತು. ಅಲ್ಲಿಗೆ ಕಳಿಸಿ ಎಂದು ಅಪ್ಪನ ಕಾಲು ಹಿಡಿದೆ.

"ಒಂದೇ ಆಟವ ಎರಡೂರ್ನಲ್ಲಿ ನೋಡಕೆ ನಿಂಗೇನು ಉಚ್ಚಾ?" ಎಂದು ಅಪ್ಪ ಹೊಲಕ್ಕೆ ಹೋದರು. ನಾನು ನೋಡೇ ಇಲ್ಲ ಎಂದು ಎಷ್ಟು ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ. ಕಾಸು ಕೊಟ್ಟು ಕೂತು ಬಂದ ಮೇಲೆ ನೋಡಿದ ಹಾಗೆಯೇ ಲೆಕ್ಕ.

ಈಗ ಈ ಟೀವಿಯವರು ಅವನಿಗೆ ಮೊದಲೇ ಈಜು ಕಲಿಸಿ ಕೂರಿಸಿದ್ದಾರೆ. ಗುಹೆಗೆ ನೀರು ಬಂತು, ನಾಲ್ಕು ಕೈ ಬೀಸಿದ, ಹೊರಗೆ ಬಂದ. ಅಷ್ಟು ಸುಲಭವಾದರೆ ಕಥೆ ಯಾಕೆ ಬೇಕಿತ್ತು? ನಾನು ಬೈಯುವುದನ್ನು ಕೇಳಿ ಕೇಳಿ ಮೊಮ್ಮಗಳು ಟೀವಿಯ ಸದ್ದು ತಗ್ಗಿಸಿ ನನ್ನ ಕಡೆ ತಿರುಗಿದಳು.

"ಸರಿ ಅಜ್ಜಿ, ನಿನ್ನ ಹುಡುಗನಿಗೆ ಈಜು ಬರಲ್ಲ. ಮತ್ತೆ ಹೆಂಗೆ ಈಚೆಗೆ ಬಂದ, ಹೇಳು."



"ಗೊತ್ತಿಲ್ಲ ಕಣಮ್ಮಿ" ಎಂದೆ. "ಗಂಡಸ್ರು ಸಿಳ್ಳೆ ಒಡುದ್ದು ಕೇಳುಸ್ತು, ಅಷ್ಟೆಯ."